ಮಾನಸಿಕ ಕಾಯಿಲೆ ಇರುವವರ ಕೆಲಸ ಮತ್ತು ಉದ್ಯೋಗ ಮಾರುಕಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಯಿಲೆಯ ಜೊತೆ ಬದುಕುತ್ತಿರುವವರು, ಅವರ ಮನೆಯವರು, ಕೆಲಸ ಕೊಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಅಂಕಿಅಂಶಗಳು ಬೇರೆ ಬೇರೆ ದೇಶಗಳವು. ಆದರೆ ಅವು ಹೇಳುವ ಮಾತು ಹೆಚ್ಚುಕಮ್ಮಿ ಎಲ್ಲ ಕಡೆಗೂ ಹೊಂದುತ್ತದೆ. ಔಷಧಿ ಮತ್ತು ಚಿಕಿತ್ಸೆಯ ತೀರ್ಮಾನಗಳನ್ನು ಮಾತ್ರ ನಿಮ್ಮ ವೈದ್ಯರ ಜೊತೆಗೇ ಮಾತಾಡಿ ತೆಗೆದುಕೊಳ್ಳಿ.

ನನಗೆ ಕೆಲಸ ಸಿಗುತ್ತಿಲ್ಲ. ಇದಕ್ಕೆ ಕಾರಣ ನನ್ನ ಕಾಯಿಲೆಯೋ, ಮಾರುಕಟ್ಟೆಯೋ?

ಎರಡೂ ಇರಬಹುದು. ಆದರೆ ಹೆಚ್ಚಿನವರು ಪೂರ್ತಿ ತಪ್ಪನ್ನು ಕಾಯಿಲೆಯ ಮೇಲೆ, ಅಂದರೆ ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ. ಅದು ಸರಿಯಲ್ಲ.

ಹೀಗೆ ಯೋಚಿಸಿ ನೋಡಿ. ಒಬ್ಬರಿಗೆ ಹೋದ ವರ್ಷ ಇದ್ದ ಲಕ್ಷಣಗಳೇ ಈ ವರ್ಷವೂ ಇವೆ. ಅದೇ ಔಷಧಿ, ಅದೇ ಅನುಭವ, ಅದೇ ರೆಸ್ಯೂಮೆ. ಹೋದ ವರ್ಷ ಕರೆದು ಮಾತಾಡಿಸಿದವರು ಈ ವರ್ಷ ಫೋನ್ ಕೂಡ ಎತ್ತುವುದಿಲ್ಲ. ಇಲ್ಲಿ ಬದಲಾಗಿದ್ದು ಆ ವ್ಯಕ್ತಿಯಲ್ಲ, ಅರ್ಜಿಗಳ ರಾಶಿ. ಒಂದು ಹುದ್ದೆಗೆ ಐದು ಜನ ಬಂದರೆ ಐವರನ್ನೂ ಕೂರಿಸಿ ಮಾತಾಡಿಸುತ್ತಾರೆ. ಐನೂರು ಅರ್ಜಿ ಬಂದರೆ ತೆಗೆದುಹಾಕಲು ನೆಪ ಹುಡುಕುತ್ತಾರೆ. ರೆಸ್ಯೂಮೆಯಲ್ಲಿ ನಡುವೆ ಒಂದು ವರ್ಷ ಖಾಲಿ ಇದ್ದರೆ ಅದೇ ನೆಪವಾಗುತ್ತದೆ. ಹಾಗಾಗಿ ಕೆಟ್ಟ ಕಾಲದಲ್ಲಿ ಬಂದ 'ಇಲ್ಲ' ಎಂಬ ಉತ್ತರವನ್ನು ನಿಮ್ಮ ಯೋಗ್ಯತೆಯ ತೀರ್ಪು ಅಂತ ಓದಬೇಡಿ.

ಮಾನಸಿಕ ಕಾಯಿಲೆ ಇರುವವರಲ್ಲಿ ಕೆಲಸ ಮಾಡುವವರು ನಿಜವಾಗಿ ಎಷ್ಟು ಜನ?

ಬಹಳ ಜನ ಊಹಿಸುವುದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ದುಡಿಯುವ ವಯಸ್ಸಿನವರಲ್ಲಿ ಸುಮಾರು 15% ಜನರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಮುಂದುವರಿದ ದೇಶಗಳ ಒಕ್ಕೂಟವಾದ ಓಇಸಿಡಿ 2012ರಲ್ಲಿ ಒಂದು ವರದಿ ತಂದಿತು. ಅದರ ಪ್ರಕಾರ ಸೌಮ್ಯ ಅಥವಾ ಮಧ್ಯಮ ಮಟ್ಟದ ತೊಂದರೆ ಇರುವವರಲ್ಲಿ 60ರಿಂದ 70% ಜನ ಕೆಲಸದಲ್ಲಿದ್ದರು. ತೀವ್ರ ತೊಂದರೆ ಇರುವವರಲ್ಲಿ 45ರಿಂದ 55%.

ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ತೀವ್ರ ಕಾಯಿಲೆ ಇರುವವರ ಚಿತ್ರ ಬೇರೆ. ಯುರೋಪಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2004ರ ಒಂದು ಪರಿಶೀಲನೆಯಲ್ಲಿ ಕೆಲಸದಲ್ಲಿದ್ದವರು ಹೆಚ್ಚಿನ ಕಡೆ 10ರಿಂದ 20% ಮಾತ್ರ. ಅದೇ ಕಾಯಿಲೆ ಇರುವವರನ್ನು ಸರಿಯಾದ ನೆರವು ಕೊಟ್ಟು ಕೆಲಸಕ್ಕೆ ಸೇರಿಸಿದಾಗ ಈ ಸಂಖ್ಯೆ ಎಷ್ಟು ಮೇಲೇರುತ್ತದೆ ಎನ್ನುವುದು ಮುಂದಿನ ಒಂದು ಉತ್ತರದಲ್ಲಿದೆ. ಆ ಅಂತರ ನೋಡಿದರೆ ಈ 10-20% ಕಾಯಿಲೆ ಹಾಕಿದ ಮಿತಿ ಅಲ್ಲ ಎಂದು ಗೊತ್ತಾಗುತ್ತದೆ.

ಆರ್ಥಿಕ ಹಿಂಜರಿತ ಬಂದಾಗ ಎಲ್ಲರಿಗೂ ಕಷ್ಟವೇ. ಇವರಿಗೆ ಹೆಚ್ಚು ಪೆಟ್ಟು ಬೀಳುತ್ತದೆ ಅನ್ನಲು ಆಧಾರ ಇದೆಯಾ?

ಇದೆ. 2008ರ ಬಿಕ್ಕಟ್ಟಿನ ಹಿಂದೆ ಮುಂದೆ ಯುರೋಪಿನ 27 ದೇಶಗಳಲ್ಲಿ ನಡೆದ ಸಮೀಕ್ಷೆಗಳನ್ನು ಹೋಲಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 2006ರಲ್ಲಿ ಮಾನಸಿಕ ತೊಂದರೆ ಇಲ್ಲದವರಲ್ಲಿ ನಿರುದ್ಯೋಗ 7.1%, ಇದ್ದವರಲ್ಲಿ 12.7%. 2010ರ ಹೊತ್ತಿಗೆ ಮೊದಲ ಗುಂಪಿನಲ್ಲಿ ಅದು 9.8% ಆಯಿತು. ಎರಡನೇ ಗುಂಪಿನಲ್ಲಿ 18.2%ಕ್ಕೆ ಹೋಯಿತು. ಇಬ್ಬರಿಗೂ ಏಟು ಬಿತ್ತು, ಆದರೆ ನಡುವಿನ ಅಂತರ ಇನ್ನೂ ಅಗಲವಾಯಿತು. ಗಂಡಸರಲ್ಲಿ ಮತ್ತು ಕಡಿಮೆ ಓದಿದವರಲ್ಲಿ ಈ ಅಂತರ ಜಾಸ್ತಿ ಬೆಳೆಯಿತು.

ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. 'ಮಾನಸಿಕ ಕಾಯಿಲೆ ಇರುವವರು ಅಪಾಯಕಾರಿ' ಎಂದು ಹೆಚ್ಚು ಜನ ನಂಬುವ ದೇಶಗಳಲ್ಲಿ ಇವರು ಕೆಲಸವಿಲ್ಲದೆ ಇರುವ ಸಾಧ್ಯತೆಯೂ ಹೆಚ್ಚಿತ್ತು. ಅಂದರೆ ಸುತ್ತಲಿನವರ ಭಯವೂ ಉದ್ಯೋಗ ಮಾರುಕಟ್ಟೆಯ ಒಂದು ಭಾಗ. ಕಾಯಿಲೆ ಎರಡು ದೇಶಗಳಲ್ಲೂ ಒಂದೇ ಇರಬಹುದು, ಬಾಗಿಲು ತೆರೆಯುವುದು ಮಾತ್ರ ಒಂದೇ ರೀತಿ ಅಲ್ಲ.

ಯಾಕೆ ಹೀಗೆ? ಕಂಪನಿಗಳು ಬೇಕೆಂದೇ ಇವರನ್ನು ಹುಡುಕಿ ತೆಗೆಯುತ್ತವೆಯಾ?

ಕೆಲವು ಕಡೆ ಹಾಗೂ ಆಗುತ್ತದೆ. ಹೆಚ್ಚಿನ ಕಡೆ ಯಾರೂ ಹೆಸರಿಟ್ಟು ತೆಗೆಯುವುದಿಲ್ಲ, ಆದರೆ ತೆಗೆಯುವ ನಿಯಮಗಳೇ ಇವರ ಮೇಲೆ ಬಂದು ಬೀಳುತ್ತವೆ.

'ಕೊನೆಗೆ ಬಂದವರು ಮೊದಲು ಹೋಗಲಿ' ಅಂತ ತೀರ್ಮಾನಿಸಿದರೆ, ಆಸ್ಪತ್ರೆಯಿಂದ ಬಂದು ಆರು ತಿಂಗಳ ಹಿಂದಷ್ಟೇ ಸೇರಿದವರು ಮೊದಲು ಹೋಗುತ್ತಾರೆ. ಕಂಟ್ರಾಕ್ಟ್ ನವೀಕರಿಸುವುದು ಬೇಡ ಅಂದರೆ, ಪರ್ಮನೆಂಟ್ ಕೆಲಸ ಸಿಗದೆ ಕಂಟ್ರಾಕ್ಟ್‌ನಲ್ಲೇ ಇದ್ದವರು ಹೋಗುತ್ತಾರೆ. ರಜೆಯ ಲೆಕ್ಕ ನೋಡಿದರೆ, ಕಾಯಿಲೆ ಕೆರಳಿದಾಗ ಮೂರು ವಾರ ರಜೆ ಹಾಕಿದವರ ಹೆಸರು ಮೇಲೆ ಬರುತ್ತದೆ.

ಉಳಿದುಕೊಂಡವರ ಪಾಡೂ ಸುಲಭವಲ್ಲ. ಮೂವರ ಕೆಲಸ ಇಬ್ಬರ ಮೇಲೆ ಬೀಳುತ್ತದೆ. ಅರ್ಥ ಮಾಡಿಕೊಂಡಿದ್ದ ಮ್ಯಾನೇಜರ್ ಬೇರೆ ಕಡೆ ಹೋಗುತ್ತಾರೆ. ಬೆಳಗ್ಗೆ ತಡವಾಗಿ ಬರಲು ಇದ್ದ ಬಾಯಿಮಾತಿನ ಒಪ್ಪಿಗೆ ಅವರ ಜೊತೆಗೇ ಹೋಗುತ್ತದೆ. ಔಷಧಿಯ ಮಂಪರು ಬೆಳಗ್ಗೆ ಹತ್ತರವರೆಗೂ ಇರುವವರಿಗೆ ಆ ಒಪ್ಪಿಗೆಯೇ ಕೆಲಸ ಉಳಿಸಿದ್ದು. ಹಾಗೇ, ಸರ್ಕಾರಗಳು ಖರ್ಚು ಕಡಿತ ಮಾಡುವುದೂ ಇದೇ ಕಾಲದಲ್ಲಿ. ನೆರವು ಜಾಸ್ತಿ ಬೇಕಾದ ಹೊತ್ತಿಗೇ ನೆರವಿನ ಕೇಂದ್ರಗಳಲ್ಲಿ ಸಿಬ್ಬಂದಿ ಕಡಿಮೆಯಾಗುತ್ತಾರೆ.

ಕೆಲಸ ಹೋದದ್ದರಿಂದ ಕಾಯಿಲೆ ಬರುತ್ತದೆಯಾ, ಕಾಯಿಲೆಯಿಂದ ಕೆಲಸ ಹೋಗುತ್ತದೆಯಾ?

ಎರಡು ದಿಕ್ಕಿನಲ್ಲೂ ನಡೆಯುತ್ತದೆ. 1930ರ ಸುಮಾರಿಗೆ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಬಟ್ಟೆ ಗಿರಣಿ ಮುಚ್ಚಿ, ಹೆಚ್ಚುಕಮ್ಮಿ ಇಡೀ ಹಳ್ಳಿಗೇ ಕೆಲಸ ಇಲ್ಲದಂತಾಯಿತು. ಸಾಮಾಜಿಕ ಮನಶ್ಶಾಸ್ತ್ರಜ್ಞೆ ಮೇರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಅಧ್ಯಯನ ಮಾಡಿದರು. ಬಿಡುವು ಬೇಕಾದಷ್ಟು ಸಿಕ್ಕಿದ್ದರೂ ಜನ ಓದುವುದು, ಸೇರುವುದು, ಓಡಾಡುವುದು ಎಲ್ಲವೂ ಕಡಿಮೆಯಾಗಿತ್ತು. ಕೆಲಸ ಸಂಬಳದ ಜೊತೆಗೆ ಇನ್ನೂ ಐದು ವಸ್ತು ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು: ದಿನಕ್ಕೊಂದು ಕ್ರಮ, ಮನೆಯಾಚೆಗಿನ ಜನರ ಒಡನಾಟ, ಒಟ್ಟಿಗೆ ಸಾಧಿಸುವ ಗುರಿ, ಸಮಾಜದಲ್ಲೊಂದು ಸ್ಥಾನ, ಕೈಗೊಂದು ಕೆಲಸ. ಖಿನ್ನತೆ ಅಥವಾ ಸೈಕೋಸಿಸ್‌ನಿಂದ (ನಿಜ ಯಾವುದು, ಭ್ರಮೆ ಯಾವುದು ಎಂದು ಗೊತ್ತಾಗದ ಸ್ಥಿತಿ) ಚೇತರಿಸಿಕೊಳ್ಳುತ್ತಿರುವವರಿಗೆ ಈ ಐದೂ ಮದ್ದಿನಷ್ಟೇ ಬೇಕಾದವು.

ಅಮೆರಿಕದ ಸಂಶೋಧಕ ಹಾರ್ವೆ ಬ್ರೆನ್ನರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಶತಮಾನಕ್ಕೂ ಹೆಚ್ಚಿನ ದಾಖಲೆಗಳಿವೆ. ಉದ್ಯೋಗ ಕುಸಿದಾಗ ಮಾನಸಿಕ ಆಸ್ಪತ್ರೆಗೆ ಸೇರುವವರ ಸಂಖ್ಯೆ ಏರುತ್ತಿತ್ತು ಎಂಬುದು ಅವರ ತೀರ್ಮಾನ. ಮನೋವೈದ್ಯ ರಿಚರ್ಡ್ ವಾರ್ನರ್ 1985ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಳ್ಳುವವರ ಪ್ರಮಾಣವೇ ಆರ್ಥಿಕತೆಯ ಜೊತೆ ಏರಿಳಿಯುತ್ತದೆ, 1920-30ರ ದಶಕಗಳ ಮಹಾ ಕುಸಿತದಲ್ಲಿ ಅದು ಕಡಿಮೆ ಇತ್ತು ಎಂದು ಅವರು ವಾದಿಸಿದರು. ಕೈಗಳು ಸಾಲದೆ ಬಂದಾಗ ಸಮಾಜ ಇವರನ್ನು ಗುಣಪಡಿಸಲು ಶ್ರಮ ಹಾಕುತ್ತದೆ, ಕೈಗಳು ಹೆಚ್ಚಾದಾಗ ಮರೆತುಬಿಡುತ್ತದೆ ಎಂಬುದು ಅವರ ವಾದದ ತಿರುಳು. ಹಳೆಯ ದಾಖಲೆಗಳನ್ನು ಹೀಗೆ ಓದುವುದರ ಬಗ್ಗೆ ಚರ್ಚೆ ಇದೆ. ಆದರೂ ಅವರು ಎತ್ತಿದ ಪ್ರಶ್ನೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ.

ಹಾಗಾದರೆ ಮಾರುಕಟ್ಟೆ ಚೆನ್ನಾಗಿದ್ದರೆ ಸಾಕಲ್ವಾ?

ತುಂಬಾ ಸಹಾಯ ಆಗುತ್ತದೆ, ಆದರೆ ಸಾಲದು. ಅಮೆರಿಕದಲ್ಲಿ ಕೋವಿಡ್ ನಂತರ ಕೆಲಸಗಾರರ ಕೊರತೆ ಬಂತು, ಮನೆಯಿಂದ ಕೆಲಸವೂ ಹೆಚ್ಚಾಯಿತು. ಅಲ್ಲಿ ಅಂಗವೈಕಲ್ಯ ಇರುವವರಲ್ಲಿ ಕೆಲಸದಲ್ಲಿದ್ದವರು 2019ರಲ್ಲಿ 19.3% ಇದ್ದರು. 2023ರಲ್ಲಿ 22.5% ಆದರು. ಈ ಲೆಕ್ಕ ಶುರುವಾದ 2008ರಿಂದ ಅಲ್ಲಿಯವರೆಗೆ ಅದೇ ಅತಿ ಹೆಚ್ಚು. ಇದು ಎಲ್ಲ ಬಗೆಯ ಅಂಗವೈಕಲ್ಯ ಸೇರಿದ ಲೆಕ್ಕ, ಮಾನಸಿಕ ಕಾಯಿಲೆಯೊಂದರದ್ದೇ ಅಲ್ಲ. ಆದರೂ ಜನ ಬೇಕಾದಾಗ ಕಂಪನಿಗಳ 'ಆಗುವುದಿಲ್ಲ' ಎಂಬ ಪಟ್ಟಿ ಎಷ್ಟು ಬೇಗ ಚಿಕ್ಕದಾಗುತ್ತದೆ ನೋಡಿ.

ಹಾಗಿದ್ದೂ ನಾಲ್ಕರಲ್ಲಿ ಮೂವರಿಗಿಂತ ಹೆಚ್ಚು ಜನ ಹೊರಗೇ ಉಳಿದರು. ಅವರಲ್ಲಿ ವಯಸ್ಸಾದವರೂ ಬಹಳ ಇದ್ದಾರೆ, ನಿಜ. ಆದರೆ ಒಳ್ಳೆಯ ಕಾಲ ಬಂದರೆ ಎಲ್ಲರಿಗೂ ತಾನಾಗಿಯೇ ಕೆಲಸ ಸಿಗುತ್ತದೆ ಎನ್ನುವಂತಿಲ್ಲ.

ಎಲ್ಲರಿಗೂ ಕೆಲಸ ಇಲ್ಲದ ಕಾಲದಲ್ಲಿ ಇವರಿಗೆ ಉದ್ಯೋಗ ನೆರವು ಕೊಡುವುದು ಸುಮ್ನೆ ದುಡ್ಡು ದಂಡ ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ. ಏಕೆಂದರೆ ಹಣ ಕಡಿತ ಮಾಡುವವರು ಮೊದಲು ಹೇಳುವುದೇ ಇದನ್ನು.

1990ರ ಸುಮಾರಿಗೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಒಂದು ವಿಧಾನ ರೂಪಿಸಿದರು. ಅದನ್ನು ಐಪಿಎಸ್ ಎನ್ನುತ್ತಾರೆ, ಅಂದರೆ ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್. ಹಳೆಯ ಪದ್ಧತಿಯಲ್ಲಿ ಮೊದಲು ತಿಂಗಳುಗಟ್ಟಲೆ ತರಬೇತಿ, ಆಮೇಲೆ ಕೆಲಸ. ಇಲ್ಲಿ ಕೆಲಸ ಮಾಡಬೇಕು ಅಂತ ವ್ಯಕ್ತಿ ಹೇಳಿದರೆ ಸಾಕು, ಬೇಗನೆ ಹುಡುಕಾಟ ಶುರು. ಎಲ್ಲರಿಗೂ ಇರುವಂಥ ಸಂಬಳದ ಕೆಲಸವನ್ನೇ, ಆ ವ್ಯಕ್ತಿಗೆ ಇಷ್ಟವಾದದ್ದನ್ನೇ ಹುಡುಕುತ್ತಾರೆ. ಉದ್ಯೋಗ ಸಲಹೆಗಾರರು ಚಿಕಿತ್ಸೆಯ ತಂಡದ ಜೊತೆಗೇ ಕೂತು ಕೆಲಸ ಮಾಡುತ್ತಾರೆ. ಕೆಲಸ ಸಿಕ್ಕ ಮೇಲೂ ಬಿಟ್ಟು ಹೋಗುವುದಿಲ್ಲ.

ಇದನ್ನು ಯುರೋಪಿನ ಆರು ನಗರಗಳಲ್ಲಿ ಪರೀಕ್ಷಿಸಿದರು: ಲಂಡನ್, ಉಲ್ಮ್, ರಿಮಿನಿ, ಜ್ಯೂರಿಕ್, ಗ್ರೋನಿಂಗನ್, ಸೋಫಿಯಾ. ಸೈಕೋಸಿಸ್ ಬಗೆಯ ಕಾಯಿಲೆ (ಸ್ಕಿಜೋಫ್ರೇನಿಯಾ ಇದರಲ್ಲಿ ಒಂದು) ಇದ್ದ 312 ಜನರಲ್ಲಿ ಅರ್ಧ ಜನಕ್ಕೆ ಐಪಿಎಸ್, ಉಳಿದವರಿಗೆ ಆಯಾ ಊರಿನ ಮಾಮೂಲಿ ಉದ್ಯೋಗ ತರಬೇತಿ. 2007ರಲ್ಲಿ ಫಲಿತಾಂಶ ಬಂತು. ಕನಿಷ್ಠ ಒಂದು ದಿನವಾದರೂ ಕೆಲಸ ಮಾಡಿದವರು ಐಪಿಎಸ್ ಗುಂಪಿನಲ್ಲಿ 55%, ಇನ್ನೊಂದರಲ್ಲಿ 28%. ಕೆಲಸದ ಒತ್ತಡದಿಂದ ಕಾಯಿಲೆ ಕೆರಳುತ್ತದೆ ಎಂಬ ಭಯಕ್ಕೆ ವಿರುದ್ಧವಾಗಿ, ಐಪಿಎಸ್ ಗುಂಪಿನವರು ಮತ್ತೆ ಆಸ್ಪತ್ರೆ ಸೇರಿದ್ದು ಕಡಿಮೆ.

ಮಾರುಕಟ್ಟೆಯ ಪ್ರಭಾವ ಇಲ್ಲೂ ಕಂಡಿತು. ನಿರುದ್ಯೋಗ ಹೆಚ್ಚಿದ್ದ ಊರುಗಳಿಗೂ ಕಡಿಮೆ ಇದ್ದ ಊರುಗಳಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಇತ್ತು, ಅದರಲ್ಲಿ ಗಣನೀಯ ಪಾಲಿಗೆ ಸ್ಥಳೀಯ ನಿರುದ್ಯೋಗ ದರವೇ ಕಾರಣವಾಗಿತ್ತು. ಆದರೆ 2016ರಲ್ಲಿ ಬೇರೆ ಬೇರೆ ದೇಶಗಳ 17 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಐಪಿಎಸ್ ಪಡೆದವರಿಗೆ ಕೆಲಸ ಸಿಗುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಿತ್ತು. ದೇಶದ ಬೆಳವಣಿಗೆ 2%ಕ್ಕಿಂತ ಕೆಳಗಿದ್ದಾಗಲೂ ಈ ಮೇಲುಗೈ ಉಳಿದಿತ್ತು.

ಎರಡನ್ನೂ ಒಟ್ಟಿಗೆ ಹೀಗೆ ಅರ್ಥ ಮಾಡಿಕೊಳ್ಳಬೇಕು. ಕೆಟ್ಟ ಕಾಲದಲ್ಲಿ ನೆರವು ಪಡೆದವರಲ್ಲೂ ಕೆಲಸ ಸಿಗುವವರು ಕಡಿಮೆಯಾಗಬಹುದು. ಆದರೆ ನೆರವಿಲ್ಲದವರ ಸ್ಥಿತಿ ಅದಕ್ಕಿಂತ ಕೆಡುತ್ತದೆ. ಹಾಗಾಗಿ ಹಿಂಜರಿತದ ಹೊತ್ತಿಗೆ ಈ ಸೇವೆಯನ್ನು ಕಡಿತ ಮಾಡುವುದು ತಪ್ಪು ಲೆಕ್ಕ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ ನೋಡೋಣ ಅಂತ ಮನೆಯಲ್ಲಿ ಹೇಳುತ್ತಾರೆ. ಸರಿಯಾ?

ಆಸ್ಪತ್ರೆಯಲ್ಲಿರುವಷ್ಟು ತೀವ್ರ ಹಂತದಲ್ಲಿ ಸರಿ. ಅದರಾಚೆಗೆ, ಲಕ್ಷಣ ಪೂರ್ತಿ ಹೋಗುವವರೆಗೂ ಕಾಯಬೇಕಿಲ್ಲ. ಮಧುಮೇಹ ಪೂರ್ತಿ ಹೋಗಲಿ ಅಂತ ಯಾರೂ ಕೆಲಸ ಬಿಟ್ಟು ಕೂರುವುದಿಲ್ಲವಲ್ಲ.

ಈಗ ಮಾರುಕಟ್ಟೆ ಕೆಟ್ಟಿದೆ. ಸುಧಾರಿಸುವವರೆಗೂ ಕಾಯುವುದು ಒಳ್ಳೆಯದಾ?

ಸಾಮಾನ್ಯವಾಗಿ ಬೇಡ. ಖಾಲಿ ಬಿಟ್ಟ ತಿಂಗಳುಗಳೇ ಮುಂದೆ ಅಡ್ಡಿಯಾಗುತ್ತವೆ. ಯುವಕ ಯುವತಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಜೀವನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಪಾಲು 24 ವರ್ಷದೊಳಗೆ ಶುರುವಾಗುತ್ತವೆ. ಓದು ಮುಗಿಸಿ ಮೊದಲ ಕೆಲಸ ಹಿಡಿಯುವ ವಯಸ್ಸೂ ಅದೇ. ಆ ಹೊತ್ತಿಗೆ ಹಿಂಜರಿತವೂ ಸೇರಿಕೊಂಡರೆ, ತಪ್ಪಿದ ಮೊದಲ ಮೆಟ್ಟಿಲನ್ನು ಮತ್ತೆ ಹತ್ತಲು ವರ್ಷಗಳೇ ಬೇಕಾಗಬಹುದು.

ಕನಸಿನ ಕೆಲಸ ಸಿಗದಿದ್ದರೆ ವಾರಕ್ಕೆ ಹತ್ತು ಗಂಟೆಯ ಕೆಲಸವಾದರೂ ಹಿಡಿಯಿರಿ. ಕೋರ್ಸ್ ಮಾಡಿ. ಪರಿಚಯದವರ ಅಂಗಡಿಯ ಲೆಕ್ಕ ಬರೆಯಿರಿ. ಉದ್ದೇಶ ಎರಡು: ದಿನಕ್ಕೊಂದು ಕ್ರಮ ಉಳಿಯಬೇಕು, ಮುಂದೆ ನಿಮ್ಮ ಪರವಾಗಿ ಎರಡು ಒಳ್ಳೆಯ ಮಾತಾಡುವವರು ಬೇಕು.

ಇಂಟರ್ವ್ಯೂನಲ್ಲಿ ಕಾಯಿಲೆಯ ವಿಷಯ ಹೇಳಬೇಕಾ?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಕಾಲ ನೋಡಿ ತೀರ್ಮಾನ ಮಾಡಿ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲ್ಪನಿಕ ಅರ್ಜಿಗಳನ್ನು ನಿಜವಾದ ಕಂಪನಿಗಳಿಗೆ ಕಳಿಸಿದ್ದರು. ಕೆಲಸದಲ್ಲಿ ಬಿಡುವು ಬಂದಿದ್ದಕ್ಕೆ ಮಾನಸಿಕ ಕಾಯಿಲೆ ಕಾರಣ ಎಂದ ಅರ್ಜಿಗಳಿಗೆ, ದೇಹಕ್ಕೆ ಪೆಟ್ಟಾಗಿತ್ತು ಎಂದ ಅರ್ಜಿಗಳಿಗಿಂತ ಕಡಿಮೆ ಕರೆ ಬಂದವು. ಬಿಡುವು ಇಬ್ಬರಿಗೂ ಇತ್ತು. ಬೇರೆಯಾಗಿದ್ದು ಕಾರಣ ಮಾತ್ರ. ಇದು ಅನ್ಯಾಯ, ಮತ್ತು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಲಹೆ ಕೊಡುವುದೂ ಸರಿಯಲ್ಲ.

ಅರ್ಜಿಯಲ್ಲೇ ಬರೆಯುವುದು ಹೆಚ್ಚಿನವರಿಗೆ ಬೇಡ. ಕೆಲಸ ಖಚಿತವಾದ ಮೇಲೆ, ನಿಮಗೆ ಏನಾದರೂ ಅನುಕೂಲ ಬೇಕಿದ್ದರೆ, ಆಗ ಹೇಳಬಹುದು. ಆಗಲೂ ಕಾಯಿಲೆಯ ಹೆಸರಿಗಿಂತ ಬೇಕಾದ ಅನುಕೂಲದ ಬಗ್ಗೆ ಮಾತಾಡಿ: 'ಒಂದು ಆರೋಗ್ಯ ಸಮಸ್ಯೆಗೆ ಚಿಕಿತ್ಸೆಯಲ್ಲಿದ್ದೇನೆ. ಬೆಳಗ್ಗೆ ಹತ್ತಕ್ಕೆ ಬಂದು ಏಳಕ್ಕೆ ಹೋಗುವ ಹಾಗಿದ್ದರೆ ಪೂರ್ತಿ ಕೆಲಸ ಮಾಡಬಲ್ಲೆ.' ಹೇಳುವ ಮೊದಲು ನಿಮ್ಮ ದೇಶದ ಕಾನೂನು ಏನು ರಕ್ಷಣೆ ಕೊಡುತ್ತದೆ ಎಂದು ತಿಳಿದುಕೊಳ್ಳಿ. ಅರ್ಜಿ ನಮೂನೆಯಲ್ಲಿ ನೇರವಾಗಿ ಕೇಳಿದ್ದರೆ ಸುಳ್ಳು ಬರೆಯಬೇಡಿ, ಅದು ಮುಂದೆ ಕೆಲಸಕ್ಕೇ ಕುತ್ತಾಗಬಹುದು. ಉತ್ತರ ಕೊಡಲೇಬೇಕಾ ಎಂದು ಮೊದಲು ಕೇಳಿ ತಿಳಿಯಿರಿ.

ಎರಡು ವರ್ಷದ ಗ್ಯಾಪ್ ಬಗ್ಗೆ ಕೇಳಿದರೆ?

'ಆರೋಗ್ಯದ ಕಾರಣ ಬಿಡುವು ತೆಗೆದುಕೊಂಡಿದ್ದೆ, ಈಗ ಕೆಲಸಕ್ಕೆ ಸಿದ್ಧನಿದ್ದೇನೆ' ಎಂದು ಒಂದೇ ವಾಕ್ಯದಲ್ಲಿ ಹೇಳಿ. ತಕ್ಷಣ ಆ ಅವಧಿಯಲ್ಲಿ ಕಲಿತದ್ದಕ್ಕೆ, ಮಾಡಿದ್ದಕ್ಕೆ ಮಾತು ತಿರುಗಿಸಿ. ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿ ರೂಢಿ ಮಾಡಿಕೊಳ್ಳಿ. ಉದ್ದ ವಿವರಣೆ ಕೊಟ್ಟಷ್ಟೂ ಕೇಳುವವರ ಅನುಮಾನ ಬೆಳೆಯುತ್ತದೆ.

ಯಾವುದಾದರೂ ಸರಿ, ಒಂದು ಕೆಲಸ ಇದ್ದರೆ ಸಾಕು ಅಲ್ವಾ?

ಇಲ್ಲ. ಆಸ್ಟ್ರೇಲಿಯಾದಲ್ಲಿ ಸಾವಿರಾರು ಜನರನ್ನು ವರ್ಷದಿಂದ ವರ್ಷಕ್ಕೆ ಗಮನಿಸಿದ ಒಂದು ಅಧ್ಯಯನ 2011ರಲ್ಲಿ ಬಂತು. ನಿರುದ್ಯೋಗದಿಂದ ಒಳ್ಳೆಯ ಕೆಲಸಕ್ಕೆ ಹೋದವರ ಮಾನಸಿಕ ಆರೋಗ್ಯ ಸುಧಾರಿಸಿತು. ಮಿತಿಮೀರಿದ ಒತ್ತಡ, ಯಾವುದರ ಮೇಲೂ ಹಿಡಿತ ಇಲ್ಲದಿರುವುದು, ಯಾವಾಗ ಕೆಲಸ ಹೋಗುತ್ತದೋ ಎಂಬ ಭಯ, ಇಂಥ ಕೆಲಸಕ್ಕೆ ಹೋದವರದು ನಿರುದ್ಯೋಗಿಗಳಾಗಿಯೇ ಉಳಿದವರಿಗಿಂತ ಹೆಚ್ಚು ಕೆಟ್ಟಿತು. ಮಾರುಕಟ್ಟೆ ಬಿದ್ದಾಗ ಇಂಥ ಕೆಲಸಗಳೇ ಜಾಸ್ತಿ ಉಳಿಯುತ್ತವೆ ಎನ್ನುವುದೇ ಕಷ್ಟ.

ಆರಿಸಿಕೊಳ್ಳಲು ಸ್ವಲ್ಪವಾದರೂ ಅವಕಾಶ ಇದ್ದರೆ ನಿದ್ದೆಯನ್ನು ಮೊದಲು ನೋಡಿ. ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ನಡುವೆ ಏರಿಳಿಯುವ ಕಾಯಿಲೆ) ಇರುವವರಿಗೆ ರಾತ್ರಿ ಪಾಳಿ, ಅದರಲ್ಲೂ ವಾರ ವಾರ ಬದಲಾಗುವ ಪಾಳಿ, ಅಪಾಯ. ನಿದ್ದೆ ಕೆಟ್ಟರೆ ಮೇನಿಯಾ, ಅಂದರೆ ಆ ಅತಿ ಉತ್ಸಾಹದ ಸ್ಥಿತಿ, ಕೆರಳಬಹುದು. ಆ್ಯಪ್ ಮೂಲಕ ಸಿಗುವ ಕೆಲಸದಲ್ಲಿ ಯಾರೂ ಗ್ಯಾಪ್ ಕೇಳುವುದಿಲ್ಲ, ಬೇಕಾದಾಗ ಲಾಗಿನ್ ಆಗಬಹುದು. ಆದರೆ ಹುಷಾರಿಲ್ಲದ ವಾರ ಸಂಪಾದನೆ ಸೊನ್ನೆ. ಮನೆಯಿಂದ ಕೆಲಸ ಕೆಲವರಿಗೆ ವರ. ಒಬ್ಬರೇ ಇದ್ದು ಖಿನ್ನತೆ ಹೆಚ್ಚಾಗುವವರಿಗೆ ವಾರದಲ್ಲಿ ಎರಡು ದಿನವಾದರೂ ಜನರ ನಡುವೆ ಕೂರುವ ಏರ್ಪಾಡು ಬೇಕು.

ನಮ್ಮ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಮೊದಲು ವೈದ್ಯರನ್ನು ನೋಡಿ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. 'ಚುರುಕಾಗಿ ಕಾಣಬೇಕು' ಅಂತ ಔಷಧಿಯನ್ನು ನೀವೇ ನಿಲ್ಲಿಸಬೇಡಿ, ಕಡಿಮೆಯೂ ಮಾಡಬೇಡಿ. ಮಂಪರು ತೊಂದರೆಯಾದರೆ ಔಷಧಿಯ ಸಮಯವನ್ನೋ ಪ್ರಮಾಣವನ್ನೋ ವೈದ್ಯರೇ ಬದಲಿಸಬಹುದು.

ಮನಸ್ಸು ಕುಗ್ಗಿದ ದಿನ ರಾಜೀನಾಮೆ ಬರೆಯಬೇಡಿ. ಹೆಚ್ಆರ್‌ನವರು ಕಾಗದ ಮುಂದಿಟ್ಟು ಈಗಲೇ ಸಹಿ ಹಾಕಿ ಎಂದರೆ, ಓದಲು ಒಂದು ದಿನ ಕೇಳಿ. ಮ್ಯಾನೇಜರ್ ಬಾಯಿಮಾತಲ್ಲಿ ಕೊಟ್ಟ ಅನುಕೂಲಗಳನ್ನು ಒಂದು ಇಮೇಲ್‌ನಲ್ಲಿ ಬರೆದು ಖಚಿತ ಮಾಡಿಕೊಳ್ಳಿ. ಆರೋಗ್ಯ ವಿಮೆ ಕೆಲಸದ ಜೊತೆಗೆ ಹೋಗುವಂಥದ್ದಾದರೆ, ಬೇಕಾದ ಪರೀಕ್ಷೆಗಳನ್ನು ಈಗಲೇ ಮುಗಿಸಿ.

ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಕೆಲಸದ ವಿಷಯ ಪಕ್ಕಕ್ಕಿಡಿ. ಇವತ್ತೇ ಒಬ್ಬರಿಗೆ ಹೇಳಿ. ವೈದ್ಯರು, ಮನೆಯವರು, ಸಹಾಯವಾಣಿ, ಯಾರಾದರೂ ಸರಿ. ಆ ಹೊತ್ತಿನಲ್ಲಿ ಒಬ್ಬರೇ ಇರಬೇಡಿ.

ಕೆಲಸಕ್ಕೆ ಸೇರಿದರೆ ಸರ್ಕಾರದ ಭತ್ಯೆ ಹೋಗುತ್ತದೆ ಅಂತ ಭಯ.

ನ್ಯಾಯವಾದ ಭಯ. ಕೆಲಸ ಮೂರು ತಿಂಗಳಲ್ಲಿ ಹೋದರೆ ಭತ್ಯೆ ಮತ್ತೆ ಸಿಗಲು ಎಷ್ಟೋ ಕಾಲ ಹಿಡಿಯಬಹುದು. ಮಾರುಕಟ್ಟೆ ಅಲುಗಾಡುವಾಗ ಈ ಲೆಕ್ಕ ಇನ್ನೂ ಕಠಿಣ. ಎಷ್ಟು ಸಂಪಾದನೆಯವರೆಗೆ ಭತ್ಯೆ ಉಳಿಯುತ್ತದೆ, ಕೆಲಸ ಹೋದರೆ ಮತ್ತೆ ಪಡೆಯುವುದು ಹೇಗೆ, ಈ ಎರಡನ್ನು ಸಂಬಂಧಪಟ್ಟ ಕಚೇರಿಯಲ್ಲಿ ಬರಹದಲ್ಲಿ ಪಡೆದ ಮೇಲೆ ತೀರ್ಮಾನಿಸಿ. ಒಳ್ಳೆಯ ಐಪಿಎಸ್ ತಂಡದಲ್ಲಿ ಈ ಲೆಕ್ಕ ಹಾಕಿಕೊಡುವುದೂ ಸೇವೆಯ ಭಾಗ.

ನನ್ನ ಮಗ ಆರು ತಿಂಗಳಿಂದ ಅರ್ಜಿ ಹಾಕಿ ಈಗ ಬಿಟ್ಟುಬಿಟ್ಟಿದ್ದಾನೆ. ಒತ್ತಾಯ ಮಾಡಲಾ?

ಬೈಯಬೇಡಿ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಬೇಡಿ. ಹುಡುಕಾಟವನ್ನು ಚಿಕ್ಕದು ಮಾಡಿಕೊಡಿ: ವಾರಕ್ಕೆ ಎರಡು ಅರ್ಜಿ, ಒಂದು ಫೋನ್ ಕರೆ, ಅಷ್ಟೇ. ನಿಮ್ಮ ಪರಿಚಯದವರ ಹತ್ತಿರ ನೀವೂ ಕೇಳಿ. ಕೆಟ್ಟ ಕಾಲದಲ್ಲಿ ಜಾಹೀರಾತಿಗಿಂತ ಪರಿಚಯ ಹೆಚ್ಚು ಕೆಲಸ ಮಾಡುತ್ತದೆ. ಕಾಯಿಲೆಯಿಂದಾಗಿ ಸ್ನೇಹಿತರನ್ನು ಕಳೆದುಕೊಂಡ ಹುಡುಗನಿಗೆ ಆ ಪರಿಚಯಗಳೇ ಇರುವುದಿಲ್ಲ. ಅಲ್ಲಿ ನೀವು ಬೇಕು. ಹಾಸಿಗೆ ಬಿಟ್ಟು ಏಳುವುದು, ಸ್ನಾನ, ಊಟ ಎಲ್ಲವೂ ತಪ್ಪುತ್ತಿದ್ದರೆ ಅದು ಬೇಸರ ಮಾತ್ರ ಅಲ್ಲದಿರಬಹುದು, ವೈದ್ಯರಿಗೆ ತೋರಿಸಿ.

ನಾನು ಕೆಲಸ ಕೊಡುವವನು. ವ್ಯಾಪಾರ ಕುಸಿದಿದೆ. ನನ್ನಿಂದ ಏನಾದೀತು?

ಹೆಚ್ಚಿನ ಅನುಕೂಲಗಳಿಗೆ ದುಡ್ಡು ಬೇಕಿಲ್ಲ. ಶುರುವಾಗುವ ಸಮಯದಲ್ಲಿ ಸಡಿಲಿಕೆ, ವೈದ್ಯರ ಭೇಟಿಗೆ ಎರಡು ಗಂಟೆ ಬಿಡುವು, ಕೆಲಸವನ್ನು ಬರೆದು ಕೊಡುವುದು, ಗದ್ದಲವಿಲ್ಲದ ಜಾಗ, ವಾರಕ್ಕೊಮ್ಮೆ ಹದಿನೈದು ನಿಮಿಷ ಕೂತು ಮಾತು. ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದದ 27ನೇ ವಿಧಿ ಕೆಲಸದ ಹಕ್ಕನ್ನು ಹೇಳುತ್ತದೆ. ಇಂಥ ಅನುಕೂಲ ಕೊಡುವುದೂ ಅದರಲ್ಲೇ ಸೇರಿದೆ. ದೀರ್ಘಕಾಲದ ಮಾನಸಿಕ ತೊಂದರೆ ಇರುವವರೂ ಆ ಒಪ್ಪಂದದ ವ್ಯಾಪ್ತಿಗೆ ಬರುತ್ತಾರೆ.

ಜನರನ್ನು ತೆಗೆಯಲೇಬೇಕಾದರೆ, ಪಟ್ಟಿ ಮಾಡುವಾಗ ಕಾಯಿಲೆಯ ರಜೆಯನ್ನು ಅಳತೆಗೋಲು ಮಾಡಬೇಡಿ. ತೆಗೆದವರಿಗೆ ಅನುಭವ ಪತ್ರವನ್ನು ಅದೇ ದಿನ ಕೊಡಿ, ಬಾಕಿ ಹಣ ತಡ ಮಾಡಬೇಡಿ. ಮುಂದಿನ ಕಂಪನಿಯಿಂದ ಕರೆ ಬಂದಾಗ ಅವರ ಆರೋಗ್ಯದ ವಿಷಯ ಎತ್ತಬೇಡಿ, ಅವರು ಮಾಡಿದ ಕೆಲಸದ ಬಗ್ಗೆ ಮಾತಾಡಿ.